ಇಂಗಲ್‌ವುಡ್ ಶಾಲೆಯ ಮೇಷ್ಟ್ರು

'ಲೈನ್‌ಮನ್' ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವವನು ಮಳೆಗಾಳಿಯ ರಾತ್ರಿಯಲ್ಲಿ ವಿದ್ಯುತ್ ಕಂಬವನ್ನೇರಿ ಊರಿಗೆ ಬೆಳಕನ್ನು ಮರಳಿ ತರುವ ಮನುಷ್ಯ. ಊರಿನ ಬಹುಪಾಲು ಜನರಿಗೆ ಅವನ ಹೆಸರು ತಿಳಿದಿರುವುದಿಲ್ಲ. ದೀಪ ಆರಿದಾಗ ಮಾತ್ರ ಅವನ ನೆನಪಾಗುತ್ತದೆ. ದೀಪ ಬೆಳಗಿದ ಮರುಗಳಿಗೆಯಲ್ಲಿ ಮರೆತುಹೋಗುತ್ತದೆ. ಅಮೆರಿಕಾ ದೇಶದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿಯೂ 'ಲೈನ್‌ಮನ್' ಎಂಬ ಹೆಸರಿನ ಆಟಗಾರರಿದ್ದಾರೆ. ಅವರ ಪಾಡೂ ಹೆಚ್ಚುಕಡಿಮೆ ಇದೇ ಆಗಿದೆ. ಅಂತಹ ಒಬ್ಬ ಲೈನ್‌ಮನ್ ಕಾಲೇಜು ಬಿಟ್ಟ ಮೇಲೆ ಒಂದು ಚಿಕ್ಕ ಪ್ರೌಢಶಾಲೆಯ ಮೇಷ್ಟ್ರಾಗಿ, ಆಟದ ಗುರುವಾಗಿ ಎಂಟು ವರ್ಷಗಳನ್ನು ಕಳೆದ ವೃತ್ತಾಂತವನ್ನು ಈ ತಿಂಗಳು ನಮ್ಮ ಓದುಗ ಬಂಧುಗಳ ಮುಂದಿಡಲು ಬಯಸಿದ್ದೇವೆ. ಮುಂದೆ ಅವರು ಲೋಕಪ್ರಸಿದ್ಧರಾದರೆಂಬುದು ನಿಜ. ಆದರೆ ಪ್ರಸಿದ್ಧಿಗಿಂತ ಮುಂಚಿನ ಆ ಎಂಟು ವರ್ಷಗಳೇ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದವು.

ಅವರ ಹೆಸರು ವಿನ್ಸೆಂಟ್ ಲೊಂಬಾರ್ಡಿ. ಇಂದು ಅಮೆರಿಕಾದ ವೃತ್ತಿಪರ ಫುಟ್‌ಬಾಲಿನ ಅತ್ಯುನ್ನತ ಪಾರಿತೋಷಕಕ್ಕೆ ಅವರದೇ ಹೆಸರಿದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾ ಪ್ರಾಂತಗಳಲ್ಲಿ ನೆಲೆಸಿದ್ದಾರೆ. ಮೊಮ್ಮಕ್ಕಳನ್ನು ನೋಡಲೆಂದು ಅಲ್ಲಿಗೆ ಹೋದ ಹಿರಿಯರು ಟೆಲಿವಿಷನ್ನಿನಲ್ಲಿ ಈ ಆಟವನ್ನು ಕಂಡು, ಇದು ಆಟವೋ ಕಾಳಗವೋ ಎಂದು ಬೆರಗಾದುದುಂಟು. ಆದ್ದರಿಂದ ಆಟದ ವಿಷಯವನ್ನು ಮೊದಲು ನಾಲ್ಕು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು.

ಒಂದು ಪಕ್ಷಕ್ಕೆ ಹನ್ನೊಂದು ಮಂದಿ. ಮೈದಾನದ ಉದ್ದ ನೂರು ಗಜ. ಚೆಂಡು ದುಂಡಗಿಲ್ಲ, ಎರಡು ತುದಿಗಳಲ್ಲಿ ಚೂಪಾದ ಅಂಡಾಕಾರದ್ದು. ಅದನ್ನು ಕಾಲಿನಿಂದ ಒದೆಯುವುದು ಅಪರೂಪ; ಕೈಯಲ್ಲಿ ಹಿಡಿದು ಓಡುವುದು, ಇಲ್ಲವೇ ಎಸೆಯುವುದೇ ಹೆಚ್ಚು. ಚೆಂಡನ್ನು ಪಡೆದ ಪಕ್ಷವು ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೊತ್ತಬೇಕು. ಒತ್ತಿದರೆ ಮತ್ತೆ ನಾಲ್ಕು ಯತ್ನ. ಸೋತರೆ ಚೆಂಡು ಎದುರಾಳಿಯ ಪಾಲು. ಪ್ರತಿ ಯತ್ನವೂ ಆರಂಭವಾಗುವಾಗ ಎರಡೂ ಪಕ್ಷಗಳ ಬಲಶಾಲಿಗಳು ಒಂದು ಗೆರೆಯ ಎರಡೂ ಬದಿಗಳಲ್ಲಿ ಸಾಲುಗಟ್ಟಿ, ನೆಲಕ್ಕೆ ಕೈಯೂರಿ, ಎದುರುಬದುರಾಗಿ ಬಾಗಿ ನಿಲ್ಲುತ್ತಾರೆ. ಇವರೇ ಲೈನ್‌ಮನ್‌ಗಳು. ಇವರ ಕೆಲಸ ಎದುರಾಳಿಯನ್ನು ಅಡ್ಡಗಟ್ಟಿ, ತಳ್ಳಿ, ತಮ್ಮವನು ಚೆಂಡು ಹಿಡಿದು ನುಗ್ಗಲು ದಾರಿ ಬಿಡಿಸುವುದು. ಇಡೀ ಪಂದ್ಯದಲ್ಲಿ ಇವರಲ್ಲಿ ಹೆಚ್ಚಿನವರು ಚೆಂಡನ್ನು ಒಮ್ಮೆಯೂ ಮುಟ್ಟಲಾರರು. ಮರುದಿನದ ಪತ್ರಿಕೆಯಲ್ಲಿ ಓಡಿದವನ ಹೆಸರಿರುತ್ತದೆ, ಎಸೆದವನ ಚಿತ್ರವಿರುತ್ತದೆ. ದಾರಿ ಮಾಡಿಕೊಟ್ಟವನ ಸುದ್ದಿ ಇರುವುದಿಲ್ಲ. ಮದುವೆಯ ಮನೆಯಲ್ಲಿ ಮುಂಜಾವಿನ ಮೂರು ಗಂಟೆಗೆ ಒಲೆ ಹಚ್ಚಿದವನನ್ನು ಊಟ ಮುಗಿಸಿದವರು ಕೇಳುವುದುಂಟೇ!

ಲೊಂಬಾರ್ಡಿಯವರು ಹುಟ್ಟಿದ್ದು 1913ರ ಜೂನ್ 11ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ. ಇಟಲಿ ಮೂಲದ ಮನೆತನ. ಐವರು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ಹ್ಯಾರಿ ಮಾಂಸದ ಸಗಟು ವ್ಯಾಪಾರಿ. ಆತನ ಒಂದು ಕೈಬೆರಳುಗಳ ಮೇಲೆ 'ಕೆಲಸ' ಎಂಬ ಅರ್ಥದ, ಇನ್ನೊಂದು ಕೈಬೆರಳುಗಳ ಮೇಲೆ 'ಆಟ' ಎಂಬ ಅರ್ಥದ ಇಂಗ್ಲಿಷ್ ಪದಗಳ ಹಚ್ಚೆಯಿತ್ತು. ಒಂದೊಂದು ಬೆರಳಿಗೆ ಒಂದೊಂದು ಅಕ್ಷರ. ತಂದೆಯ ವೃತ್ತಿ ನಮ್ಮ ಓದುಗರಿಗೆ ಹಿಡಿಸಲಾರದೆಂಬುದನ್ನು ಬಲ್ಲೆವು. ಆದರೂ ಆ ಅಂಗಡಿಯಲ್ಲಿ ಭಾರದ ಹೊರೆಗಳನ್ನು ಹೊತ್ತು ಹೊತ್ತೇ ಹುಡುಗನ ಹೆಗಲು ಗಟ್ಟಿಯಾಯಿತೆಂಬುದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ತಾಯಿ ಮಟಿಲ್ಡಾ ದೈವಭಕ್ತೆ. ನಿತ್ಯದ ಪೂಜೆಗೆ ಇಗರ್ಜಿಗೆ ಹೋಗುವ ಅಭ್ಯಾಸ ಮಗನಿಗೆ ಬಾಲ್ಯದಲ್ಲಿಯೇ ಅಂಟಿತು. ಅದು ಕೊನೆಯವರೆಗೂ ಬಿಡಲಿಲ್ಲ.

ಹದಿನೈದನೆಯ ವಯಸ್ಸಿನಲ್ಲಿ ಹುಡುಗನು ಪಾದ್ರಿಯಾಗಬೇಕೆಂದು ನಿಶ್ಚಯಿಸಿ ಗುರುಮಠದಂತಹ ಒಂದು ಪಾಠಶಾಲೆಗೆ ಸೇರಿದನು. ಅದು ಆರು ವರ್ಷಗಳ ವ್ಯಾಸಂಗ. ಅಲ್ಲಿ ಫುಟ್‌ಬಾಲ್ ಆಡಲು ಅಪ್ಪಣೆಯಿರಲಿಲ್ಲ. ಹುಡುಗನು ಹೊರಗೆ ಹೋಗಿ ಆಡುವುದನ್ನು ಬಿಡಲಿಲ್ಲ. ನಾಲ್ಕು ವರ್ಷಗಳಾದ ಮೇಲೆ ಈ ದಾರಿ ತನ್ನದಲ್ಲವೆಂದು ತಿಳಿದು, ಅಲ್ಲಿಂದ ಹೊರಬಂದು, ಬ್ರೂಕ್ಲಿನ್ನಿನ ಸೇಂಟ್ ಫ್ರಾನ್ಸಿಸ್ ಶಾಲೆಯಲ್ಲಿ ಓದು ಮುಗಿಸಿ, ಫುಟ್‌ಬಾಲ್ ಆಟದ ಬಲದಿಂದ ದೊರೆತ ವಿದ್ಯಾರ್ಥಿವೇತನದ ಮೇಲೆ 1933ರಲ್ಲಿ ಫೋರ್ಡಮ್ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದನು. ಹಿಡಿದ ಹಾದಿಯನ್ನು ನಡುವೆ ಬಿಟ್ಟವನನ್ನು ನಾವು ಸಾಮಾನ್ಯವಾಗಿ ಹಗುರಾಗಿ ಕಾಣುತ್ತೇವೆ. ಲೊಂಬಾರ್ಡಿಯವರ ಬಾಳಿನಲ್ಲಿ ಹೀಗೆ ಬಿಟ್ಟುಬಂದದ್ದು ಇದೊಂದೇ ಸಲವಲ್ಲವೆಂಬುದನ್ನು ಮುಂದೆ ಕಾಣಲಿದ್ದೇವೆ.

ಫೋರ್ಡಮ್ ವಿಶ್ವವಿದ್ಯಾನಿಲಯವು ಜೆಸ್ಯೂಟ್ ಪಾದ್ರಿಗಳದು. ಅದರ ಫುಟ್‌ಬಾಲ್ ತಂಡವು ಆ ಕಾಲದಲ್ಲಿ ದೇಶದ ಶ್ರೇಷ್ಠ ತಂಡಗಳ ಪೈಕಿ ಒಂದಾಗಿದ್ದಿತು. ಮುಖ್ಯ ತರಬೇತುದಾರ ಜಿಮ್ ಕ್ರೌಲಿ. ಸಾಲಿನ ಆಟಗಾರರನ್ನು ತಿದ್ದುತ್ತಿದ್ದವರು ಫ್ರಾಂಕ್ ಲೇಹಿ. ಲೊಂಬಾರ್ಡಿಯವರ ಎತ್ತರ ಐದು ಅಡಿ ಎಂಟು ಅಂಗುಲ. ತೂಕ ಸುಮಾರು 82 ಕಿಲೋ. ನಮ್ಮ ಲೆಕ್ಕಕ್ಕೆ ಒಳ್ಳೆಯ ಆಳೇ. ಆದರೆ ಆ ಸಾಲಿನಲ್ಲಿ ಎದುರು ನಿಲ್ಲುವವರ ಮುಂದೆ ಗಿಡ್ಡ ಆಳು. ಅವರ ಸ್ಥಾನ ಬಲಬದಿಯ ಗಾರ್ಡ್, ಅಂದರೆ ಸಾಲಿನ ನಡುವಿನವನ ಬಲಕ್ಕೆ ಅಂಟಿಕೊಂಡು ನಿಲ್ಲುವವನು. ಅಂದಿನ ನಿಯಮದಂತೆ ಬದಲಿ ಆಟಗಾರರನ್ನು ಇಳಿಸಲು ಬಹಳ ನಿರ್ಬಂಧಗಳಿದ್ದವು. ದಾಳಿ ಮಾಡುವವರೂ ತಡೆಯುವವರೂ ಅದೇ ಹನ್ನೊಂದು ಮಂದಿ.

1936ರಲ್ಲಿ ಈ ತಂಡದ ಏಳು ಮಂದಿ ಸಾಲಿನವರಿಗೆ 'ಏಳು ಗ್ರಾನೈಟ್ ಬಂಡೆಗಳು' ಎಂಬ ಹೆಸರು ಬಿದ್ದಿತು. ವಿಶ್ವವಿದ್ಯಾನಿಲಯದ ಪ್ರಚಾರಕಾರ್ಯ ನೋಡಿಕೊಳ್ಳುತ್ತಿದ್ದ ಟಿಮ್ ಕೊಹೇನ್ ಎಂಬವರು ಹಿಂದಿನ ತಂಡವೊಂದಕ್ಕಿದ್ದ ಬಿರುದನ್ನೇ ಎತ್ತಿಕೊಂಡು ಇವರಿಗೆ ತೊಡಿಸಿದರು. ಪಾಕ್ವಿನ್, ಫ್ರಾಂಕೊ, ಪಿಯರ್ಸ್, ವೊಯ್ಚೆಹೊವಿಚ್, ಲೊಂಬಾರ್ಡಿ, ಬಾಬಾರ್ಟ್‌ಸ್ಕಿ, ಡ್ರೂಜ್. ಹೆಸರುಗಳನ್ನು ಕೇಳಿದರೇ ಸಾಕು. ಇವರಲ್ಲಿ ಎಷ್ಟೋ ಮಂದಿ ಪೋಲೆಂಡಿನಿಂದ, ಇಟಲಿಯಿಂದ ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದ ಮನೆತನಗಳ ಮಕ್ಕಳೆಂದು ತಿಳಿಯುತ್ತದೆ. ಇಳಕಲ್ಲಿನ ಕಲ್ಲುಗಣಿಗಳನ್ನು ಕಂಡವರಿಗೆ ಗ್ರಾನೈಟಿನ ಗಟ್ಟಿತನವನ್ನು ಬಣ್ಣಿಸಬೇಕಾಗಿಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಬಲಾಢ್ಯ ತಂಡದೊಡನೆ ಫೋರ್ಡಮ್ 1935, 1936, 1937 ಹೀಗೆ ಸತತ ಮೂರು ವರ್ಷ ಆಡಿದ ಪಂದ್ಯಗಳು ಮೂರೂ ಸೊನ್ನೆಗೆ ಸೊನ್ನೆಯಾಗಿ ಮುಗಿದವು. ಮೊದಲ ಎರಡರ ಕಾಲದಲ್ಲಿ ಲೊಂಬಾರ್ಡಿಯವರು ತಂಡದಲ್ಲಿದ್ದರು. ಅಂತಹ ಒಂದು ಪಂದ್ಯದಲ್ಲಿ ಬಾಯೊಳಗೆ ಆಳವಾದ ಗಾಯವಾಗಿ ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು.

ಆ 1936ರ ವರ್ಷ ಫೋರ್ಡಮ್ ತಂಡಕ್ಕೆ ಒಂದು ದೊಡ್ಡ ಆಸೆಯಿತ್ತು. ಕ್ಯಾಲಿಫೋರ್ನಿಯಾದ ಪಾಸಡೀನಾ ನಗರದಲ್ಲಿ ಹೊಸ ವರ್ಷದ ದಿನ 'ರೋಸ್ ಬೌಲ್' ಎಂಬ ಮೈದಾನದಲ್ಲಿ ನಡೆಯುವ ಪಂದ್ಯಕ್ಕೆ ಕರೆ ಬರುವುದು ಕಾಲೇಜು ತಂಡವೊಂದಕ್ಕೆ ಪರಮಸನ್ಮಾನ. ಕರೆ ಬಂದೇ ಬರುತ್ತದೆಂದು ಎಲ್ಲರೂ ನಂಬಿದ್ದಾಗ, ಋತುವಿನ ಕೊನೆಯ ಪಂದ್ಯದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ತಂಡವು 7-6ರಿಂದ, ಒಂದೇ ಒಂದು ಅಂಕದಿಂದ, ಇವರನ್ನು ಸೋಲಿಸಿತು. ಕರೆ ಬರಲಿಲ್ಲ. ಲೊಂಬಾರ್ಡಿಯವರ ಪಾಲಿಗೆ ಅದೇ ಕೊನೆಯ ಋತು. ಈ ರೋಸ್ ಬೌಲ್ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

1937ರಲ್ಲಿ ಪದವಿ ದೊರೆಯಿತು. ದೇಶದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲ. ಪದವೀಧರನಾದ ಹಿರಿಯ ಮಗ ಮನೆಯಲ್ಲಿದ್ದಾನೆ, ನೆಲೆಯಾದ ಉದ್ಯೋಗವಿಲ್ಲ. ಈ ಸಂಕಟ ಎಂತಹುದೆಂಬುದನ್ನು ಅನುಭವಿಸದ ಕುಟುಂಬ ನಮ್ಮಲ್ಲಿಯೂ ವಿರಳ. ಸಾಲ ವಸೂಲಿ ಮಾಡುವ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ನಿಂತರು, ಅದು ಕೈಹಿಡಿಯಲಿಲ್ಲ. ಬಿಡುವಿನ ದಿನಗಳಲ್ಲಿ ಚಿಲ್ಲರೆ ಹಣಕ್ಕಾಗಿ ಸಣ್ಣಪುಟ್ಟ ತಂಡಗಳಲ್ಲಿ ಆಡಿದರು. ತಂದೆತಾಯಿಯರ ಒತ್ತಾಸೆಯಿಂದ 1938ರಲ್ಲಿ ಕಾನೂನು ಕಾಲೇಜಿಗೆ ಸೇರಿದರು. ವಕೀಲನಾದ ಮಗ ಎಂದರೆ ವಲಸಿಗ ಕುಟುಂಬಕ್ಕೆ ಎಷ್ಟು ದೊಡ್ಡ ಗೌರವ! ಆದರೆ ಅರ್ಧ ವರ್ಷದಲ್ಲಿಯೇ, ನಪಾಸಾಗದಿದ್ದರೂ ಅಂಕಗಳು ಸಾಲವೆಂದು ತಿಳಿದು, ಅದನ್ನೂ ಬಿಟ್ಟುಬಿಟ್ಟರು. ಮುಂದೆ ದೊಡ್ಡವರಾದ ಮೇಲೆ ಈ ಪ್ರಸಂಗವನ್ನು ಹೇಳುವಾಗ, ಕಾನೂನು ಪದವಿಯ ಹೊಸ್ತಿಲವರೆಗೂ ಹೋಗಿದ್ದೆನೆಂದು ಕೊಂಚ ಬಣ್ಣ ಹಚ್ಚುತ್ತಿದ್ದರಂತೆ. ಅಂತಹ ಕಠೋರ ಮನುಷ್ಯನಿಗೂ ಆ ಸೋಲು ಎಷ್ಟು ದಿನ ಚುಚ್ಚುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪಾದ್ರಿಯಾಗಲಿಲ್ಲ, ವಕೀಲನಾಗಲಿಲ್ಲ. ವಯಸ್ಸು ಇಪ್ಪತ್ತಾರು ತುಂಬಿತು. ಆಗ ಒಂದು ಸಣ್ಣ ಕರೆ ಬಂದಿತು. ಫೋರ್ಡಮ್ ತಂಡದಲ್ಲಿ ಜೊತೆಗೆ ಆಡಿದ್ದ ಆಂಡಿ ಪಲಾವ್ ಎಂಬ ಗೆಳೆಯನಿಗೆ ನ್ಯೂಜೆರ್ಸಿಯ ಇಂಗಲ್‌ವುಡ್ ಎಂಬ ಊರಿನ ಸೇಂಟ್ ಸಿಸಿಲಿಯ ಪ್ರೌಢಶಾಲೆಯಲ್ಲಿ ಫುಟ್‌ಬಾಲ್ ತರಬೇತುದಾರನ ಹುದ್ದೆ ದೊರೆತಿತ್ತು. ಅವರು ಲೊಂಬಾರ್ಡಿಯವರನ್ನು ಸಹಾಯಕರಾಗಿ ಕರೆದರು. ಹಡ್ಸನ್ ನದಿಯ ಆಚೆ ದಡದ ಆ ಊರು ನ್ಯೂಯಾರ್ಕಿಗೆ ಹತ್ತಿರವೇ. ಇಗರ್ಜಿಗೆ ಸೇರಿದ ಶಾಲೆ, ಹಣವಂತರದಲ್ಲ. ಗೆಳೆಯರಿಬ್ಬರೂ ಶಾಲೆಯ ಎದುರಿನ ಮನೆಯೊಂದರಲ್ಲಿ ವಾರಕ್ಕೆ ತಲಾ ಒಂದೂವರೆ ಡಾಲರ್ ಕೊಟ್ಟು ಒಂದೇ ಕೋಣೆಯಲ್ಲಿ ವಾಸವಾದರು.

ಆಟ ಕಲಿಸುವುದಷ್ಟೇ ಅಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಲ್ಯಾಟಿನ್ ಭಾಷೆ ಈ ಮೂರನ್ನೂ ಪಾಠ ಹೇಳಬೇಕು. ಬೆಳಿಗ್ಗೆ ಇಗರ್ಜಿಯ ಪೂಜೆ, ಆಮೇಲೆ ತರಗತಿ, ಸಂಜೆ ಮೈದಾನ. ಕಪ್ಪುಹಲಗೆಯ ಮುಂದೆ ನಿಂತಾಗಲೂ ಮೈದಾನದಲ್ಲಿ ನಿಂತಾಗಲೂ ಮೇಷ್ಟ್ರ ಪದ್ಧತಿ ಒಂದೇ ಆಗಿತ್ತು. ವಿಷಯವನ್ನು ಬಿಡಿಬಿಡಿಯಾಗಿ ಬಿಡಿಸುವುದು. ಒಂದೊಂದನ್ನೂ ಮತ್ತೆ ಮತ್ತೆ ಹೇಳುವುದು. ತರಗತಿಯಲ್ಲಿ ಎಲ್ಲರಿಗಿಂತ ಮಂದನಾದ ಹುಡುಗನ ತಲೆಗೆ ಹತ್ತುವವರೆಗೂ ಮುಂದಕ್ಕೆ ಹೋಗದಿರುವುದು. ಜಾಣ ಹುಡುಗರಿಗೆ ಇದು ಬೇಸರ ತರಿಸಿರಬಹುದು. ಆದರೆ ಹನ್ನೊಂದು ಮಂದಿಯ ಸಾಲಿನಲ್ಲಿ ಒಬ್ಬನು ತಪ್ಪಿದರೂ ಉಳಿದ ಹತ್ತು ಮಂದಿಯ ಶ್ರಮ ಹಾಳೆಂಬುದನ್ನು ಸಾಲಿನಲ್ಲಿ ನಿಂತು ಪೆಟ್ಟು ತಿಂದವರಿಗಿಂತ ಚೆನ್ನಾಗಿ ಬಲ್ಲವರಾರು? ಚೆಂಡು ಹಿಡಿದು ಓಡಿದ ನಾಯಕಮಣಿಯೇ ಗುರುವಾಗಿದ್ದರೆ ಮಂದನಾದ ಹುಡುಗನಿಗಾಗಿ ಇಷ್ಟು ಕಾಯುತ್ತಿದ್ದನೇ ಎಂಬ ಸಂದೇಹ ನಮಗಿದೆ.

ಸಹನೆಯೆಂದ ಮಾತ್ರಕ್ಕೆ ಲೊಂಬಾರ್ಡಿಯವರು ಶಾಂತಮೂರ್ತಿಯೆಂದು ಓದುಗರು ಭಾವಿಸಬಾರದು. ಸಿಟ್ಟು ಮೂಗಿನ ತುದಿಯಲ್ಲಿಯೇ ಇರುತ್ತಿತ್ತು. ಕೂಗಾಟ ಬೀದಿಗೆ ಕೇಳುತ್ತಿತ್ತು. ಅರೆಗಳಿಗೆಯಲ್ಲಿ ಗಹಗಹಿಸಿ ನಗುವುದೂ ಉಂಟು, ಕಣ್ಣೀರು ಹಾಕುವುದೂ ಉಂಟು.

1940ರ ಆಗಸ್ಟ್ 31ರಂದು ಮೇರಿ ಪ್ಲಾನಿಟ್ಜ್ ಎಂಬ ಕನ್ಯೆಯೊಡನೆ ವಿವಾಹವಾಯಿತು. ಇಟಲಿಯವನಿಗೆ ಮಗಳನ್ನು ಕೊಡುವುದು ಆಕೆಯ ತಂದೆಗೆ ಇಷ್ಟವಿರಲಿಲ್ಲ. ಮಗಳು ಹಟ ಹಿಡಿದು ಒಲಿದವರನ್ನೇ ವರಿಸಿದಳು. ಮದುವೆಯಾದ ಹೊಸತರಲ್ಲಿ ದಂಪತಿಗಳು ಕೈಗೊಂಡ ಪ್ರವಾಸವನ್ನು ವರಮಹಾಶಯರು ಅರ್ಧಕ್ಕೇ ಮೊಟಕುಗೊಳಿಸಿ ಇಂಗಲ್‌ವುಡ್ಡಿಗೆ ಮರಳಿದರು. ಕಾರಣವಿಷ್ಟೇ, ಶಾಲೆಯ ತಂಡದ ಅಭ್ಯಾಸ ಆರಂಭವಾಗಬೇಕಾಗಿತ್ತು. ಮುಂದಿನ ಮೂವತ್ತು ವರ್ಷಗಳ ಸಂಸಾರ ಹೇಗಿರಬಹುದೆಂಬುದು ಆ ತಾಯಿಗೆ ಅಂದೇ ತಿಳಿದಿರಬೇಕು.

1942ರಲ್ಲಿ ಪಲಾವ್ ಅವರು ಫೋರ್ಡಮ್‌ಗೆ ತೆರಳಿದ ಮೇಲೆ ಲೊಂಬಾರ್ಡಿಯವರೇ ಮುಖ್ಯ ತರಬೇತುದಾರರಾದರು. ಆಮೇಲಿನ ವರ್ಷಗಳಲ್ಲಿ ಆ ಪುಟ್ಟ ಶಾಲೆಯ ತಂಡವು ತನಗಿಂತ ಎಷ್ಟೋ ದೊಡ್ಡ ಶಾಲೆಗಳನ್ನು ಸೋಲಿಸುತ್ತಾ, ಸತತವಾಗಿ ಮೂವತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಸೋಲನ್ನೇ ಕಾಣದೆ ಸಾಗಿತು. 1943ರ ತಂಡವನ್ನು ದೇಶದ ಅತ್ಯುತ್ತಮ ಶಾಲಾ ತಂಡಗಳಲ್ಲಿ ಎಣಿಸಿದವರುಂಟು. ಬ್ಯಾಸ್ಕೆಟ್‌ಬಾಲ್ ತಂಡವನ್ನೂ ಅವರೇ ನೋಡಿಕೊಳ್ಳಬೇಕಾಯಿತು. ಆ ಆಟ ಅವರದಲ್ಲ. ಆದರೂ ಕಲಿತು ಕಲಿಸಿದರು. ಹಾಗೆ ಅವರ ಕೈಕೆಳಗೆ ಬ್ಯಾಸ್ಕೆಟ್‌ಬಾಲ್ ಆಡಿದ ಹುಡುಗರಲ್ಲಿ ಮಿಕಿ ಕೊರ್ಕೊರನ್ ಎಂಬವನೊಬ್ಬನಿದ್ದನು. ಅವನ ಮಾತು ಮುಂದೆ ಬರುತ್ತದೆ.

ಶಾಲೆಯ ಯಶಸ್ಸು ಒಂದು ಕಡೆ. ಮೇಷ್ಟ್ರ ಮನದೊಳಗಿನ ತಳಮಳ ಇನ್ನೊಂದು ಕಡೆ. ಎಂಟು ವರ್ಷಗಳಾದವು. ಜೊತೆಗೆ ಆಡಿದವರಲ್ಲಿ ಕೆಲವರು ವೃತ್ತಿಪರ ತಂಡಗಳಲ್ಲಿ ಆಡಿ ಹೆಸರಾಗಿದ್ದರು. ಸಾಲಿನ ನಡುವಿನ ಬಂಡೆಯಾಗಿದ್ದ ವೊಯ್ಚೆಹೊವಿಚ್ ಅವರಂತೂ ಮುಂದೆ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರಕ್ಕೇ ಆಯ್ಕೆಯಾದರು. ಮನೆಯಲ್ಲಿ ಇಬ್ಬರು ಮಕ್ಕಳಾದರು. 1947ರಲ್ಲಿ ಶಾಲೆಯನ್ನು ಬಿಟ್ಟು ಫೋರ್ಡಮ್‌ಗೆ, 1949ರಲ್ಲಿ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯಕ್ಕೆ, 1954ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎಂಬ ವೃತ್ತಿಪರ ತಂಡಕ್ಕೆ ಹೋದರು. ಎಲ್ಲೆಡೆಯೂ ಸಹಾಯಕನ ಸ್ಥಾನವೇ. ಕಾಲೇಜುಗಳ ಮುಖ್ಯ ಹುದ್ದೆಗಳಿಗೆ ಅರ್ಜಿ ಹಾಕಿದರೆ ಎಷ್ಟೋ ಕಡೆಯಿಂದ ಉತ್ತರವೇ ಬರುತ್ತಿರಲಿಲ್ಲ. ತಮ್ಮ ಹೆಸರಿನ ಕೊನೆಯಲ್ಲಿರುವ ಇಟಲಿಯ ಸ್ವರವೇ ಇದಕ್ಕೆ ಕಾರಣವೆಂದು ಅವರು ನಂಬಿದ್ದರು. ಹೆಸರು ಕೇಳಿ ಮನುಷ್ಯನ ಯೋಗ್ಯತೆಯನ್ನು ಅಳೆಯುವ ರೋಗ ಯಾವುದೋ ಒಂದು ದೇಶದ್ದು ಮಾತ್ರವೆಂದು ನಾವು ಹೇಳಲಾರೆವು.

1959ರ ಆರಂಭದಲ್ಲಿ, ನಾಲ್ವತ್ತೈದನೆಯ ವಯಸ್ಸಿನಲ್ಲಿ, ವಿಸ್ಕಾನ್ಸಿನ್ ಪ್ರಾಂತದ ಗ್ರೀನ್ ಬೇ ಎಂಬ ಸಣ್ಣ ಊರಿನ ಪ್ಯಾಕರ್ಸ್ ತಂಡವು ಅವರನ್ನು ಮುಖ್ಯ ತರಬೇತುದಾರರನ್ನಾಗಿ ಕರೆಯಿತು. ಹಿಂದಿನ ವರ್ಷ ಆ ತಂಡ ಹನ್ನೆರಡು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದನ್ನು. ಇದಾದ ಮೇಲಿನದು ಎಲ್ಲರೂ ಬಲ್ಲ ಚರಿತ್ರೆ. 1961ರಿಂದ 1967ರ ನಡುವಣ ಏಳು ವರ್ಷಗಳಲ್ಲಿ ಐದು ರಾಷ್ಟ್ರೀಯ ಪ್ರಶಸ್ತಿಗಳು. ಮೊದಲ ಎರಡು 'ಸೂಪರ್ ಬೌಲ್' ಪಂದ್ಯಗಳಲ್ಲಿಯೂ ಜಯ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಅಲ್ಲಿಯೂ ಕಾಣುವವರು ಇಂಗಲ್‌ವುಡ್ಡಿನ ಮೇಷ್ಟ್ರೇ ಎಂಬುದಕ್ಕೆ ಎರಡು ಮೂರು ಸಂಗತಿಗಳನ್ನು ಹೇಳದೆ ಇರಲಾರೆವು.

1960ರ ಅಂತಿಮ ಪಂದ್ಯದಲ್ಲಿ ಪ್ಯಾಕರ್ಸ್ ತಂಡ ಸೋತಿತು. 1961ರ ಬೇಸಗೆಯಲ್ಲಿ ಅಭ್ಯಾಸ ಶಿಬಿರ ಆರಂಭವಾದಾಗ, ವರ್ಷಾನುಗಟ್ಟಲೆ ಆಡಿ ನುರಿತ ಆ ಘಟಾನುಘಟಿಗಳ ಮುಂದೆ ಲೊಂಬಾರ್ಡಿಯವರು ಕೈಯಲ್ಲಿ ಚೆಂಡನ್ನು ಎತ್ತಿ ಹಿಡಿದು, ಇದು ಫುಟ್‌ಬಾಲ್ ಎಂದು ಪರಿಚಯಿಸಿಕೊಡುವುದರಿಂದ ಪಾಠವನ್ನು ಪ್ರಾರಂಭಿಸಿದರು. ಓನಾಮದಿಂದ ತಿದ್ದಿಸುವ ಮೇಷ್ಟ್ರ ಚಾಳಿ! ಆ ವರ್ಷದ ಪ್ರಶಸ್ತಿ ಅವರದೇ ಆಯಿತು.

ಅವರ ತಂಡಕ್ಕೆ ಹೆಸರು ತಂದ ವ್ಯೂಹವೊಂದಿತ್ತು. ಚೆಂಡು ಹಿಡಿದವನು ನೇರವಾಗಿ ನುಗ್ಗದೆ ಪಕ್ಕಕ್ಕೆ ಹೊರಳಿ ಓಡುತ್ತಾನೆ. ಸಾಲಿನ ಎರಡು ಬದಿಯ ಗಾರ್ಡ್‌ಗಳು ತಮ್ಮ ಜಾಗದಿಂದ ಹಿಂದೆ ಸರಿದು, ಅವನ ಮುಂದೆ ಮುಂದೆ ಓಡುತ್ತಾ, ಅಡ್ಡ ಬಂದವರನ್ನು ಉರುಳಿಸುತ್ತಾ ದಾರಿ ತೆರೆಯುತ್ತಾರೆ. ಹಿಂದೆ ಫೋರ್ಡಮ್‌ನಲ್ಲಿ ತಾವು ನಿಂತಿದ್ದ ಅದೇ ಸ್ಥಾನ! ಜೆರಿ ಕ್ರೇಮರ್ ಮತ್ತು ಫ್ರೆಡ್ ಥರ್ಸ್ಟನ್ ಎಂಬ ಆ ಇಬ್ಬರು ಗಾರ್ಡ್‌ಗಳ ಹೆಸರು ಮನೆಮಾತಾಯಿತು. ಲೈನ್‌ಮನ್ ಹೆಸರು ಜನರ ಬಾಯಲ್ಲಿ ಬರುವಂತೆ ಮಾಡಿದ್ದು ಒಬ್ಬ ಹಳೆಯ ಲೈನ್‌ಮನ್. 1967ರ ಡಿಸೆಂಬರ್ 31ರಂದು ಸೊನ್ನೆಗಿಂತ ಸುಮಾರು 25 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದ ಚಳಿಯಲ್ಲಿ, ಹೆಪ್ಪುಗಟ್ಟಿದ ನೆಲದ ಮೇಲೆ ಡಲ್ಲಾಸ್ ತಂಡದೊಡನೆ ನಡೆದ ಅಂತಿಮ ಪಂದ್ಯದಲ್ಲಿ ಕೊನೆಯ ಕ್ಷಣಗಳು ಉಳಿದಿದ್ದಾಗ, ಇದೇ ಕ್ರೇಮರ್ ಪಕ್ಕದವನೊಡನೆ ಸೇರಿ ಎದುರಾಳಿಯನ್ನು ಹಿಂದಕ್ಕೆ ತಳ್ಳಿದ ಸಂದಿನಲ್ಲಿಯೇ ಬಾರ್ಟ್ ಸ್ಟಾರ್ ಚೆಂಡು ಹಿಡಿದು ಗೆರೆ ದಾಟಿದರು. ಪಂದ್ಯ 21-17ರಿಂದ ಗೆದ್ದಿತು. ಆ ಒಂದು ತಳ್ಳಾಟವನ್ನು ಟೆಲಿವಿಷನ್ನಿನವರು ಮತ್ತೆ ಮತ್ತೆ ತೋರಿಸಿದರು. ಆದರೂ ಕ್ರೇಮರ್ ಅವರಿಗೆ ಕೀರ್ತಿಮಂದಿರದ ಬಾಗಿಲು ತೆರೆದದ್ದು 2018ರಲ್ಲಿ, ಆ ಪಂದ್ಯವಾಗಿ ಅರ್ಧ ಶತಮಾನ ಕಳೆದ ಮೇಲೆ! ಸಾಲಿನವರ ಸರದಿ ಬರುವುದು ತಡವಾಗಿಯೇ.

ಇನ್ನೊಂದು ಸಂಗತಿ. ಆ ಕಾಲದಲ್ಲಿ ಕರಿಯ ಜನಾಂಗದ ಆಟಗಾರರಿಗೆ ಹೋಟೆಲುಗಳಲ್ಲಿ, ಉಪಾಹಾರಗೃಹಗಳಲ್ಲಿ ಪ್ರವೇಶ ನಿರಾಕರಿಸುವುದು ಮಾಮೂಲಾಗಿತ್ತು. ಲೊಂಬಾರ್ಡಿಯವರು ಗ್ರೀನ್ ಬೇ ಊರಿನ ಅಂಗಡಿಮುಂಗಟ್ಟುಗಳವರಿಗೆ ಸ್ಪಷ್ಟವಾಗಿ ತಿಳಿಸಿದರು: ನಮ್ಮ ಕರಿಯ ಆಟಗಾರನನ್ನು ಒಳಗೆ ಬಿಡದ ಸ್ಥಳಕ್ಕೆ ನಮ್ಮ ತಂಡದ ಯಾವೊಬ್ಬನೂ ಕಾಲಿಡುವುದಿಲ್ಲ. ತಂಡದೊಳಗೆ ಜನಾಂಗದ ಹೆಸರಿನಲ್ಲಿ ಹಳಿಯುವ ಮಾತಿಗೆ ಅವಕಾಶವೇ ಇರಲಿಲ್ಲ. ಬಾಲ್ಯದಿಂದಲೂ ಇಟಲಿಯವನೆಂಬ ಜರೆಮಾತುಗಳನ್ನು ಕೇಳಿ ಬೆಂದವರ ನಿಲುವು ಅದು. ಈ ಭಾಗವನ್ನು ಓದುವಾಗ ನಮಗೆ ಅವರ ಎಲ್ಲ ಪ್ರಶಸ್ತಿಗಳಿಗಿಂತಲೂ ಇದೇ ಹಿರಿದೆನಿಸಿತು.

ಗೆಲುವೇ ಸರ್ವಸ್ವ, ಗೆಲುವಲ್ಲದೆ ಬೇರಿಲ್ಲ ಎಂಬರ್ಥದ ಒಂದು ಮಾತನ್ನು ಲೊಂಬಾರ್ಡಿಯವರ ಹೆಸರಿನಲ್ಲಿ ಎಲ್ಲೆಡೆಯೂ ಉದ್ಧರಿಸುತ್ತಾರೆ. ವಾಸ್ತವವಾಗಿ ಅದನ್ನು ಅವರಿಗಿಂತ ಮುಂಚೆ ಹೇಳಿದವರು ಕ್ಯಾಲಿಫೋರ್ನಿಯಾದ ಕಾಲೇಜು ತರಬೇತುದಾರ ರೆಡ್ ಸ್ಯಾಂಡರ್ಸ್. ಲೊಂಬಾರ್ಡಿಯವರೂ ಅದನ್ನು ಬಳಸಿದ್ದುಂಟು. ತಮ್ಮ ಅಭಿಪ್ರಾಯ ಗೆಲ್ಲಲು ಮಾಡುವ ಪ್ರಯತ್ನದ ಕುರಿತಾದದ್ದೆಂದು ಆಮೇಲೆ ತಿದ್ದಿಕೊಳ್ಳಲು ಯತ್ನಿಸಿದ್ದೂ ಉಂಟು. ಆದರೆ ಜನ ತಿದ್ದುಪಡಿಯನ್ನು ಕೇಳಲಿಲ್ಲ.

ಕುಟುಂಬಗಳು ಓದುವ ಪತ್ರಿಕೆಯಲ್ಲಿ ಕುಟುಂಬದ ಮಾತನ್ನು ಬಿಟ್ಟರೆ ಬರಹ ಪೂರ್ಣವಾಗದು. ಊರಿನ ಮಕ್ಕಳನ್ನೆಲ್ಲ ತಮ್ಮ ಮಕ್ಕಳಂತೆ ತಿದ್ದಿದವರು ಮನೆಯ ಮಕ್ಕಳಿಗೆ ದೊರೆತದ್ದು ಕಡಿಮೆ. ಮೇರಿ ಅವರ ಒಂಟಿತನವನ್ನೂ, ಆಕೆ ಮದ್ಯದ ಮೊರೆಹೊಕ್ಕುದನ್ನೂ, ಮಗನು ತಂದೆಯ ಮೆಚ್ಚುಗೆಗಾಗಿ ಹಂಬಲಿಸಿದುದನ್ನೂ ಜೀವನಚರಿತ್ರೆಕಾರರು ಬರೆದಿದ್ದಾರೆ. ಮಗ ವಿನ್ಸೆಂಟ್ ಮುಂದೆ ಕಾನೂನು ಓದಿ ವಕೀಲನಾದನು. ಅಜ್ಜನ ಆಸೆ ಒಂದು ತಲೆಮಾರು ತಡವಾಗಿ ಕೈಗೂಡಿತು. ಬೆಳಗಿನ ಜಾವ ಎದ್ದು ಹೋಗಿ ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆ ಸೇರುವ ಸಜ್ಜನರು, ಕರ್ತವ್ಯವೇ ದೇವರೆನ್ನುವ ಅಧ್ಯಾಪಕರು, ವೈದ್ಯರು, ವ್ಯಾಪಾರಿಗಳು ನಮ್ಮ ಸಮಾಜದಲ್ಲಿಯೂ ಇದ್ದಾರೆ. ಅವರ ಮನೆಗಳ ಹೆಣ್ಣುಮಕ್ಕಳು ಈ ಪುಟವನ್ನು ಓದುವಾಗ ಒಂದು ಗಳಿಗೆ ತಡೆದು ನಿಲ್ಲಬಹುದೆಂದು ನಮಗೆ ಗೊತ್ತು.

1970ರ ಬೇಸಗೆಯಲ್ಲಿ ಲೊಂಬಾರ್ಡಿಯವರಿಗೆ ದೊಡ್ಡ ಕರುಳಿನ ಅರ್ಬುದ ರೋಗವಿರುವುದು ತಿಳಿಯಿತು. ಆಗ ಅವರು ವಾಷಿಂಗ್‌ಟನ್ ನಗರದ ತಂಡದ ಹೊಣೆ ಹೊತ್ತಿದ್ದರು. ಕೆಲವೇ ತಿಂಗಳುಗಳಲ್ಲಿ, ಸೆಪ್ಟೆಂಬರ್ 3ರಂದು, ಐವತ್ತೇಳನೆಯ ವಯಸ್ಸಿನಲ್ಲಿ ದೈವಾಧೀನರಾದರು. ಸೂಪರ್ ಬೌಲ್ ವಿಜೇತರಿಗೆ ನೀಡುವ ಬೆಳ್ಳಿಯ ಪಾರಿತೋಷಕಕ್ಕೆ ಆಗಲೇ ಅವರ ಹೆಸರನ್ನಿಟ್ಟರು. ಸೇಂಟ್ ಸಿಸಿಲಿಯ ಪ್ರೌಢಶಾಲೆಯು 1986ರಲ್ಲಿ ಮುಚ್ಚಿತು.

ಇನ್ನು ಮಿಕಿ ಕೊರ್ಕೊರನ್ ಎಂಬ ಹುಡುಗನ ಮಾತು. ಆತನು ಲೊಂಬಾರ್ಡಿಯವರ ಕೈಕೆಳಗೆ ಬ್ಯಾಸ್ಕೆಟ್‌ಬಾಲ್ ಆಡಿ, ಬೆಳೆದು, ಅದೇ ಜಿಲ್ಲೆಯ ರಿವರ್ ಡೆಲ್ ಪ್ರೌಢಶಾಲೆಯಲ್ಲಿ ತರಬೇತುದಾರರಾದರು. ಗುರುವಿನಂತೆ ಶಿಸ್ತಿನ ಮನುಷ್ಯ. ಅಲ್ಲಿಗೆ ಬಿಲ್ ಪಾರ್ಸೆಲ್ಸ್ ಎಂಬ ವಿದ್ಯಾರ್ಥಿಯೊಬ್ಬ ಬಂದನು; ಹುಟ್ಟಿದ್ದು ಇಂಗಲ್‌ವುಡ್ಡಿನಲ್ಲಿಯೇ, 1941ರಲ್ಲಿ. ಒಳ್ಳೆಯ ಆಟಗಾರ, ಕಡುಕೋಪಿ. ಸಿಟ್ಟಿಗೆದ್ದು ತಪ್ಪೆಸಗಿದಾಗ ಕೊರ್ಕೊರನ್ ಅವರು ಆತನನ್ನು ಹೊರಗೆ ಕೂರಿಸಿದರು; ತಂಡ ಸೋತರೂ ಚಿಂತೆಯಿಲ್ಲವೆಂದು ಮತ್ತೆ ಇಳಿಸಲಿಲ್ಲ. ಪಾರ್ಸೆಲ್ಸ್ ಆ ಪಾಠವನ್ನು ಮರೆಯಲಿಲ್ಲ. ಬಾಳಿನುದ್ದಕ್ಕೂ ಆ ಶಾಲಾ ಮೇಷ್ಟ್ರ ಸಲಹೆಯನ್ನು ಕೇಳುತ್ತಲೇ ಇದ್ದರು. ಅವರೂ ತರಬೇತುದಾರರಾಗಿ, ಹಿಂದೆ ಲೊಂಬಾರ್ಡಿಯವರು ಸಹಾಯಕರಾಗಿದ್ದ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೇ ಮುಖ್ಯಸ್ಥರಾದರು.

1987ರ ಜನವರಿ 25ರಂದು ಜೈಂಟ್ಸ್ ತಂಡವು ಸೂಪರ್ ಬೌಲ್ ಪಂದ್ಯದಲ್ಲಿ ಡೆನ್ವರ್ ತಂಡವನ್ನು 39-20ರಿಂದ ಸೋಲಿಸಿತು. ಆ ಸಂಜೆ ಪಾರ್ಸೆಲ್ಸ್ ಅವರ ತಂಡಕ್ಕೆ ಒಪ್ಪಿಸಿದ ಬೆಳ್ಳಿಯ ಪಾರಿತೋಷಕದ ಮೇಲೆ ಅವರ ಗುರುವಿನ ಗುರುವಿನ ಹೆಸರಿತ್ತು. ಪಂದ್ಯ ನಡೆದದ್ದು ಪಾಸಡೀನಾ ನಗರದಲ್ಲಿ, ರೋಸ್ ಬೌಲ್ ಮೈದಾನದಲ್ಲಿ.